ಉರುಟಾಗಿ ಉಳಿದದ್ದು

ಬಂದರಿನ ಗೇಟಿನಲ್ಲಿ ಇಪ್ಪತ್ತೆರಡು ವರ್ಷ
ಜನರ ಮೈಮೇಲೆ ಕೋಲಾಡಿಸಿದವನು ನಾನು.
ಕುಂಯ್ ಎಂದರೆ ಸಾಕು,
ಬೀಗದ ಕೈ, ತಂಬಾಕಿನ ಡಬ್ಬಿ, ಬೆಲ್ಟಿನ ಬಕ್ಕಲು,
ಒಮ್ಮೆ ಒಬ್ಬನ ತೊಡೆಯೊಳಗಿನ ಸ್ಟೀಲಿನ ಸಲಾಕೆ,
ಎಲ್ಲರೂ ತಾವಾಗಿಯೇ ತೋರಿಸುತ್ತಿದ್ದರು.
ಮರಳು ಹಾಗಲ್ಲ ಮಾರಾಯ್ರೆ.
ಅದಕ್ಕೆ ಜೇಬಿಲ್ಲ, ಹೆದರಿಕೆಯೂ ಇಲ್ಲ.

ಈಗಿನ ಯಂತ್ರ ಭಾವ ಬಹರೈನಿನಿಂದ ತಂದದ್ದು.
ಸೋಮವಾರ ಬೆಳಿಗ್ಗೆ ಐದೂವರೆಗೆ
ಭಾನುವಾರದ ಜನ ಮೆಟ್ಟಿಹೋದ ತಣ್ಣೀರುಬಾವಿಯಲ್ಲಿ
ನಾನು, ಎರಡು ನಾಯಿ, ಚರುಮುರಿಯ ಕಾಗದ.
ನೂರು ಸಲ ಕೂಗಿದರೆ ಎಂಬತ್ತು ಸಲ
ಬಿಯರಿನ ಮುಚ್ಚಳ.
ಉಳಿದದ್ದರಲ್ಲಿ ದೋಣಿಯ ಮೊಳೆ,
ಇಸವಿಯನ್ನು ಉಪ್ಪು ತಿಂದ ನಾಣ್ಯ,
ಹೆಬ್ಬೆರಳಿಗೇ ಹೊಕ್ಕ ಒಂದು ಗಾಳ.

ಕಿವಿ ಮೆಲ್ಲಗೆ ಪಳಗಿತು.
ಕಬ್ಬಿಣ ಗೊರಕೆ ಹೊಡೆಯುತ್ತದೆ.
ಬೆಳ್ಳಿ ನಿಚ್ಚಳವಾಗಿ ಕರೆಯುತ್ತದೆ, ಊಟಕ್ಕೆ ಕರೆದ ಹಾಗೆ.
ಚಿನ್ನವೂ ಸಿಗರೇಟು ಪ್ಯಾಕಿನ ಹಾಳೆಯೂ ಮಾತ್ರ
ಒಂದೇ ಸ್ವರದಲ್ಲಿ ಮಾತಾಡುತ್ತವೆ;
ಅಗೆಯದೆ ಗೊತ್ತಾಗುವುದಿಲ್ಲ.

ಹಾಗೆ ಅಗೆದೇ ಸಿಕ್ಕಿದ್ದು ಕುಲಶೇಖರದ ಪ್ರೆಸಿಲ್ಲಾಳ ಉಂಗುರ.
ನಿಶ್ಚಿತಾರ್ಥದ್ದು, ಒಳಗೆ ಯಾರದೋ ಹೆಸರಿನ ಮೂರಕ್ಷರ.
ಫೋನಿನಲ್ಲಿ ಅತ್ತಿದ್ದಳು. ಮೂರು ದಿನ ಹುಡುಕಿದೆ.
ಬಂದಳು, ನೋಡಿದಳು,
ಬೇಡದ ಪಾರ್ಸೆಲ್ಲಿಗೆ ಸಹಿ ಹಾಕುವವರ ಹಾಗೆ ತಲೆಯಾಡಿಸಿ
ಚಿಲ್ಲರೆಯ ಪರ್ಸಿಗೆ ಹಾಕಿ ಜಿಪ್ ಎಳೆದಳು.
ಬೆರಳಿಗೆ ಹಾಕಿ ನೋಡಲಿಲ್ಲ.
ನಾನೂ ಕೇಳಲಿಲ್ಲ. ಗೇಟಿನಲ್ಲಿ ಕಲಿತದ್ದು ಅಷ್ಟೇ.

ಆಗಸ್ಟಿನಲ್ಲಿ ಕಡಲು ದಂಡೆಯನ್ನು ಕೊರೆದು
ಬೆಂಗರೆಯ ಅಳಿವೆ ಬಾಗಿಲಿನ ಹತ್ತಿರ
ಕಪ್ಪು ಮರಳಿನ ಪದರ ಹೊರಗೆ ಬಿತ್ತು.
ಮೊಣಕೈ ಮುಳುಗುವಷ್ಟು ಆಳದಲ್ಲಿ ಎರಡು ಸೀಸದ ಗುಂಡು.
ಒಂದು ಅಗಿದುಗುಳಿದ ಅಡಿಕೆಯ ಹಾಗೆ ಚಪ್ಪಟೆ.
ಇನ್ನೊಂದು ಉರುಟು, ನೆಲ್ಲಿಕಾಯಿಗಿಂತ ಸಣ್ಣದು,
ಅಷ್ಟಕ್ಕೆ ಇರಬಾರದಷ್ಟು ಭಾರ.
ನದಿಯ ಆಚೆ ಸುಲ್ತಾನ್ ಬತ್ತೇರಿ
ಗೋಡೆಯ ಕಂಡಿಗಳಿಂದ ನನ್ನನ್ನೇ ನೋಡುತ್ತಿತ್ತು.

ಯಾರ ಬಂದೂಕಿನದು? ಗುಂಡು ಹೇಳುವುದಿಲ್ಲ.
ಕಾಲೇಜಿನ ಇತಿಹಾಸದ ಮೇಷ್ಟ್ರು ವಿಠಲ ಕಾರಂತರು
ತಕ್ಕಡಿಯಲ್ಲಿಟ್ಟು, ಕನ್ನಡಕ ಹಣೆಗೇರಿಸಿ ಹೇಳಿದರು:
ಚಪ್ಪಟೆಯಾದದ್ದು ತಾಗಿದ್ದು.
ಉರುಟಾಗಿ ಉಳಿದದ್ದು ಗುರಿ ತಪ್ಪಿದ್ದು.
ತಾಗಿದ್ದು ಅವರ ಗಾಜಿನ ಪೆಟ್ಟಿಗೆಗೆ ಹೋಯಿತು, ನಂಬರು ಅಂಟಿಸಿಕೊಂಡು.
ತಪ್ಪಿದ್ದು ನನ್ನ ಜೇಬಿನಲ್ಲಿ.

ಬಸ್ಸಿನಲ್ಲಿ ಅದನ್ನು ತಿರುಗಿಸುತ್ತ ಕೂತೆ.
ಒಬ್ಬ ಒಂದು ಕಣ್ಣು ಮುಚ್ಚಿದ್ದಾನೆ.
ಇನ್ನೊಬ್ಬ ಅದೇ ಹೊತ್ತಿಗೆ ಕಾಲಿನ ಮುಳ್ಳು ತೆಗೆಯಲು ಬಗ್ಗಿದ್ದಾನೆ.
ಕಿವಿಯ ಪಕ್ಕ ಜೇನು ಹಾರಿತು ಅಂದುಕೊಂಡು
ಮನೆಗೆ ಹೋಗಿ ಗಂಜಿ ಕೇಳಿರಬೇಕು.
ಉಪ್ಪು ಕಡಿಮೆ ಅಂದಿರಬೇಕು.
ಅವನ ಮರಿಮಕ್ಕಳ ಮರಿಮಕ್ಕಳೇ
ಮೊನ್ನೆ ಭಾನುವಾರ ಇಲ್ಲಿ ಬಿಯರು ಕುಡಿದು
ಮುಚ್ಚಳ ಎಸೆದು ಹೋದವರು, ಯಾರಿಗೆ ಗೊತ್ತು?
ಅಂದಿನಿಂದ ಮುಚ್ಚಳ ಸಿಕ್ಕಿದರೆ ಬೈಯುವುದು ಬಿಟ್ಟಿದ್ದೇನೆ.
ಪೂರ್ತಿ ಬಿಟ್ಟಿಲ್ಲ.

ಲಿಂಗಪ್ಪ ಕರ್ಕೇರರು ಬಲೆ ನೇಯುತ್ತಿದ್ದರು.
ತೋರಿಸಿದೆ. ಹಲ್ಲಿನಲ್ಲಿ ಕಚ್ಚಿ ನೋಡಿದರು.
ಸೀಸ, ಅಂದರು. ಬೀಸುಬಲೆಗೆ ಒಂದು ಕಡಿಮೆ ಉಂಟು.
ಇತಿಹಾಸ ಹೇಳಲು ಹೊರಟೆ.
ಅವರದ್ದೇ ಒಂದು ಇತ್ತು:
ಹಿಂದೆ ಸಿಪಾಯಿಗಳು ಬಂದು ಬಲೆಯಂಚಿನ ಸೀಸ ಕಿತ್ತು
ಕರಗಿಸಿ ಗುಂಡು ಎರೆಯುತ್ತಿದ್ದರಂತೆ, ಅಜ್ಜ ಹೇಳಿದ್ದು.
ಹಾಗಾದರೆ ಇದು ನಮ್ಮದೇ ಅಲ್ವಾ?

ಉತ್ತರ ನನ್ನಲ್ಲಿರಲಿಲ್ಲ.
ಚೂರಿಯಿಂದ ನಡುವೆ ಸೀಳಿ, ದಾರ ಸಿಕ್ಕಿಸಿ,
ಸುತ್ತಿಗೆಯಲ್ಲಿ ಎರಡು ಏಟು.
ಸೊಂಟದ ಮಟ್ಟ ನೀರಿಗಿಳಿದು ಬೀಸಿದರು.
ಬಲೆ ಗಾಳಿಯಲ್ಲಿ ಒಮ್ಮೆ ಪೂರ್ತಿ ಅರಳಿ
ಅಂಚಿನಿಂದ ಮುಳುಗಿತು.

ಎಳೆದಾಗ ಎರಡು ಕಾಣೆ, ಒಂದು ಏಡಿ,
ಒಂದು ಹಸಿರು ಮುಚ್ಚಳ.
ಏಡಿ ನನಗೆ ಕೊಟ್ಟರು.
ಮುಚ್ಚಳವನ್ನೂ.